ಪೋಥಿಯಲ್ಲಿ ಇಲ್ಲದ ಮಾತು

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ವೈನಿಯ ಎಡಗೈ ಹೆಬ್ಬೆರಳು ತಾನಾಗಿಯೇ ಕುಣಿಯತೊಡಗಿತು. ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಸೂರ್ಯ ಹುಟ್ಟುವುದರೊಳಗೆ ಮೂರು ಅಧ್ಯಾಯ ಮುಗಿಸಬೇಕೆಂದು ಅಣ್ಣನ ಕೈಗಡಿಯಾರವನ್ನು ಪೋಥಿಯ ಪಕ್ಕದಲ್ಲೇ ಇಟ್ಟುಕೊಂಡು ಓದುತ್ತಿದ್ದೆ. ಪುಟದಿಂದ ಕಣ್ಣು ತೆಗೆದು ಗಡಿಯಾರ ನೋಡಿದೆ, ಗಡಿಯಾರದಾಚೆ ಅಣ್ಣನ ಹೆಂಡತಿಯ ಕೈ ಕಂಡಿತು. ತೊಡೆಯ ಮೇಲೆ ಅಂಗಾತ ಇಟ್ಟ ಕೈ. ನಾಲ್ಕು ಬೆರಳು ಸುಮ್ಮನಿದ್ದವು, ಹೆಬ್ಬೆರಳೊಂದೇ ಯಾರೋ ದಾರ ಕಟ್ಟಿ ಜಗ್ಗಿದ ಹಾಗೆ ಆಡುತ್ತಿತ್ತು.

ಅದೇನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಓದು ನಿಲ್ಲಿಸಲಿಲ್ಲ. ಆ ಅಧ್ಯಾಯದಲ್ಲಿ ಇನ್ನೂ ಹನ್ನೊಂದು ಓವಿ ಉಳಿದಿದ್ದವು.

ಓವಿ ಎಂದರೆ ಮರಾಠಿ ಪೋಥಿಯ, ಅಂದರೆ ಪಾರಾಯಣದ ಗ್ರಂಥದ, ಪುಟ್ಟ ಪದ್ಯ. ಒಂದನ್ನು ಓದಲು ಹತ್ತು ಸೆಕೆಂಡು ಸಾಕು. ಪಾರಾಯಣಕ್ಕೆ ಕೂತವರು ಅಧ್ಯಾಯ ಮುಗಿಯುವ ತನಕ ಏಳಬಾರದು, ನಡುವೆ ಬೇರೆ ಮಾತಾಡಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಅರ್ಧಕ್ಕೆ ನಿಂತ ಅಧ್ಯಾಯ ಮನೆಗೆ ಕೇಡು ತರುತ್ತದೆ ಎನ್ನುತ್ತಾರೆ. ಹನ್ನೊಂದು ಓವಿಗೆ ಎರಡು ನಿಮಿಷ. ಎರಡು ನಿಮಿಷದಲ್ಲಿ ಏನಾದೀತು ಎಂದುಕೊಂಡೆ. ಇಷ್ಟು ವರ್ಷಗಳಾದವು, ಈಗಲೂ ಯಾರ ಮುಂದಾದರೂ ಏನನ್ನಾದರೂ ಗಟ್ಟಿಯಾಗಿ ಓದುವ ಪ್ರಸಂಗ ಬಂದರೆ ನನ್ನ ಕಣ್ಣು ಕೇಳುವವರ ಕೈಗಳ ಮೇಲೆ ಹೋಗುತ್ತದೆ.

ಎಪ್ಪತ್ತೆರಡರ ದುಷ್ಕಾಳ ಕಳೆದು ಎರಡು ವರ್ಷವಾಗಿತ್ತು. ಸೋಲಾಪುರದಲ್ಲಿ ನಮ್ಮದು ನೂಲಿನ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ನೋಡಿಕೊಳ್ಳುತ್ತಿದ್ದ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ನಾಲ್ಕನೆಯ ಇಯತ್ತೆವರೆಗೆ ಕನ್ನಡ ಶಾಲೆ, ಅಲ್ಲಿಂದ ಮುಂದೆ ಎಲ್ಲ ಮರಾಠಿ. ಅವ್ವನಿಗೆ ಪೇಟೆಯ ಮರಾಠಿ ಬರುತ್ತಿತ್ತು, ಪೋಥಿಯ ಹಳೆಯ ಮರಾಠಿ ಬರುತ್ತಿರಲಿಲ್ಲ. ಓದಲಂತೂ ಯಾವ ಭಾಷೆಯನ್ನೂ ಕಲಿತಿರಲಿಲ್ಲ. ಅದಕ್ಕಾಗಿ ದಿನಾ ಮಧ್ಯಾಹ್ನ ಊಟ ಮುಗಿದು ಅಣ್ಣ ಅಂಗಡಿಗೆ ಹೋದ ಮೇಲೆ ನಾನು ಒಂದು ಅಧ್ಯಾಯ ಓದಿ ಕನ್ನಡದಲ್ಲಿ ಅರ್ಥ ಹೇಳಬೇಕು. ಅವ್ವ ಕಂಬಕ್ಕೆ ಬೆನ್ನು ಕೊಟ್ಟು ಕೂಡುವಳು, ವೈನಿ ಸ್ವಲ್ಪ ದೂರದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕೇಳುವಳು. ಓಣಿಯ ಒಬ್ಬಿಬ್ಬರು ಹೆಂಗಸರೂ ಬರುತ್ತಿದ್ದರು.

ಮೊದಮೊದಲು ಇದ್ದದ್ದನ್ನೇ ಹೇಳುತ್ತಿದ್ದೆ. ಆಮೇಲೆ ಹೆಂಗಸರ ಮುಖ ನೋಡುವುದನ್ನು ಕಲಿತೆ. ಎಲ್ಲಿ ಅವರು ಆಕಳಿಸುತ್ತಾರೋ ಅಲ್ಲಿ ಒಂದು ಮಾತು ಸೇರಿಸಿದೆ. ಎಲ್ಲಿ ಕಣ್ಣಲ್ಲಿ ನೀರು ಬರುವ ಹಾಗಿತ್ತೋ ಅಲ್ಲಿ ಇನ್ನೊಂದು ಸೇರಿಸಿ ತರಿಸಿದೆ. "ಈಕಿ ಬಾಯಾಗ ಕೇಳಬೇಕು ನೋಡ, ಕೀರ್ತನ ಮಾಡಾಕಿ ಆಗಬೇಕಿತ್ತು," ಎಂದು ಅವ್ವ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ನಾನು ಇಪ್ಪತ್ತು ವರ್ಷದವಳು. ಅದು ನನಗೆ ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಿನದಾಗಿತ್ತು.

ವೈನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮದುವೆಗೆ ಮೊದಲೇ ಹೇಳಿದ್ದರು, ಮುಚ್ಚಿಟ್ಟಿರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಬಿಳಿ ಗುಳಿಗೆ ತಪ್ಪದೆ ತಗೊಂಡರೆ ಏನೂ ಇರುತ್ತಿರಲಿಲ್ಲ. ನಮ್ಮ ಮನೆಗೆ ಬಂದ ಮೊದಲ ವರ್ಷ ಜ್ವರದಲ್ಲಿ ಎರಡು ದಿನ ಗುಳಿಗೆ ವಾಂತಿಯಾಗಿ, ಒಲೆಯ ಮುಂದೆಯೇ ಬಿದ್ದಿದ್ದಳು. ಸೆರಗಿಗೆ ಬೆಂಕಿ ತಗುಲಿತ್ತು. ಅವ್ವ ಬರಿಗೈಯಿಂದ ಆರಿಸಿದಳು. ಅಂದಿನಿಂದ ಅವ್ವ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಸಿಟ್ಟಿನಿಂದಲ್ಲ, ಹೆದರಿ. ಆದರೆ ಬಂದುಹೋಗುವವರು ಬಿಡಬೇಕಲ್ಲ. "ಸೊಸಿ ಇದ್ರೂ ಅತ್ತೀನ ರೊಟ್ಟಿ ಬಡಿಬೇಕೇನವಾ? ಪುಣ್ಯಾ ಮಾಡ್ಯಾಳ ಬಿಡು ನಿನ್ನ ಸೊಸಿ!" ಎಂದು ನಗುತ್ತ ಹೇಳಿ ಹೋಗುವರು. ವೈನಿ ಮೊರದ ಮೇಲಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಅವಳೇ ಅವ್ವನಿಗೆ ಹೇಳಿದಳು. "ಅತ್ತಿ, ಅಕ್ಕಲಕೋಟದಾಗ ಏಳು ದಿನ ಕೂಡ್ತೀನ್ರಿ. ತಂಗಿ ಓದ್ಲಿ, ನಾ ಕೇಳ್ತೀನಿ. ಈ ಬ್ಯಾನಿ ಹೋದ್ರ ನಿಮ್ಮ ಕೈಯಾಗಿನ ರೊಟ್ಟಿ ಕೆಲಸ ನನಗ ಕೊಡ್ರಿ." ತಂಗಿ ಎಂದರೆ ನಾನು.

ಪುಷ್ಯ ಮಾಸದ ಚಳಿಯಲ್ಲಿ ಅಕ್ಕಲಕೋಟಕ್ಕೆ ಹೋದೆವು. ಅಣ್ಣ ಬಸ್ಸಿಗೆ ಹತ್ತಿಸಿ, ಏಳು ದಿನಕ್ಕೆ ಹದಿನಾಲ್ಕು ಗುಳಿಗೆ ಎಣಿಸಿ ಒಂದು ಶೀಶೆಯಲ್ಲಿ ಹಾಕಿ ಕೊಟ್ಟ. ದೇವಸ್ಥಾನದಿಂದ ಎರಡು ಓಣಿ ಆಚೆ ಯಾತ್ರಿಕರಿಗೆ ಕೊಡುವ ಕೋಣೆಗಳ ಸಾಲಿನಲ್ಲಿ ನಮಗೊಂದು ಸಿಕ್ಕಿತು. ನೆಲದ ಮೇಲೆ ಚಾಪೆ, ಒಂದು ಹೊತ್ತು ಊಟ, ನಾಲ್ಕು ಗಂಟೆಗೆ ತಣ್ಣೀರು ಸ್ನಾನ, ಹೊರಗಿನವರ ಕೈಯ ಪರಾನ್ನ ಬಾಯಿಗೆ ಹೋಗಬಾರದು. ಪಕ್ಕದ ಕೋಣೆಯಲ್ಲಿ ಹನ್ನೂರಿನ ಒಬ್ಬ ಮುದುಕಿ ಇದ್ದಳು. ಕುರಿ ಸಾಕುವ ಮನೆತನದವಳು. ನಡೆದುಕೊಳ್ಳುವುದು ಕುರುಬರ ದೇವರು ಬೀರೋಬನಿಗೆ, ಆದರೂ ಯಾವುದೋ ಹರಕೆ ತೀರಿಸಲು ಇಲ್ಲಿಗೆ ಬಂದಿದ್ದಳು. "ನಮ್ಮ ದ್ಯಾವ್ರಿಗೆ ಸಿಟ್ಟ ಬರೂದಿಲ್ಲಬೇ, ಅವಗೂ ಒಂದೀಟ ಬಿಡುವು ಬೇಕಲ್ಲ," ಎಂದು ಮೊದಲ ದಿನವೇ ಅವ್ವನನ್ನು ನಗಿಸಿದಳು.

ಗುರುವಾರ ಆರಂಭ. ಅಂದು ಮೂರನೆಯ ಅಧ್ಯಾಯದಲ್ಲಿ ಹೊಟ್ಟೆನೋವಿನ ವ್ಯಾಪಾರಿಯೊಬ್ಬನ ಕಥೆ ಬಂತು. ಪೋಥಿಯಲ್ಲಿದ್ದದ್ದು ಇಷ್ಟೇ: ಅವನು ಸತ್ಪುರುಷರ ಕಾಲಿಗೆ ಬಿದ್ದ, ಅವರು ತಮ್ಮ ಅಗ್ನಿಕುಂಡದ, ಧುನಿಯ, ಬೂದಿ ಕೊಟ್ಟರು, ಅವನು ನಾಲಿಗೆಗೆ ಹಚ್ಚಿಕೊಂಡ, ನೋವು ಹೋಯಿತು. ನಾಲ್ಕು ಓವಿ. ಮುದುಕಿಯೂ ಬಾಗಿಲಲ್ಲಿ ಬಂದು ಕೂತಿದ್ದಳು. ಕೇಳುವವರು ಮೂವರು, ಪುಣ್ಯಕ್ಷೇತ್ರ, ದೀಪದ ಬೆಳಕು. ಅಧ್ಯಾಯ ಮುಗಿಸಿ ಅರ್ಥ ಹೇಳುವಾಗ ನಾನು ಅಷ್ಟಕ್ಕೇ ಬಿಡಲಿಲ್ಲ.

"ಅಂವ ಮನಿಗೆ ಬಂದ," ಎಂದೆ. "ವೈದ್ಯ ಕೊಟ್ಟ ಪುಡಿ ಅಷ್ಟೂ ತಗದು ಗಟಾರಕ್ಕ ಒಗದ. ಒಗದ ಕ್ಷಣಕ್ಕ ನೋವು ನಿಂತಿತು. ಯಾಕಂದ್ರ ಒಂದ ಕೈಯಾಗ ಅಂಗಾರ, ಒಂದ ಕೈಯಾಗ ಪುಡಿ ಹಿಡಿದಾವನ ಕಡೆ ದೇವ್ರು ನೋಡೂದಿಲ್ಲ."

ಅಂಗಾರ ಎಂದರೆ ಆ ಬೂದಿ. ಪುಡಿ ಒಗೆದದ್ದು, ಗಟಾರ, ಎರಡು ಕೈ, ಯಾವುದೂ ಪೋಥಿಯಲ್ಲಿ ಇರಲಿಲ್ಲ.

ಅವ್ವ ಕೈ ಮುಗಿದಳು. ಹನ್ನೂರಿನ ಮುದುಕಿ ಮಾತ್ರ, "ಎಲ್ಲಾ ಒಗದ್ನ? ಹುಚ್ಚ ಅದಾನ ಬಿಡು. ನಾಳಿ ಮತ್ತ ಹೊಟ್ಟಿ ಹಿಡದ್ರ ಯಾರ ಬಾಗಲಿಗೆ ಹೋಗ್ತಾನ?" ಎಂದಳು.

"ಹಂಗ ಅನಬ್ಯಾಡಬೇ, ಪೋಥ್ಯಾಗಿನ ಮಾತು," ಎಂದು ಅವ್ವ ಗದರಿದಳು.

ವೈನಿಯ ಮುಖ ದೀಪದ ಬೆಳಕಿನಲ್ಲಿ ಆಸೆಯಿಂದ ಅರಳಿತ್ತು. ಸಂಜೆ ನೀರು ತರುವಾಗ ಅವಳು ನನ್ನನ್ನು ಕೇಳಿದಳು. "ತಂಗಿ, ಗುಳಿಗಿ ಪರಾನ್ನ ಆಗ್ತದೇನ?"

ಇಲ್ಲ, ಗುಳಿಗೆ ಗುಳಿಗೆಯೇ, ತಗೋರಿ ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಕೊಡ ಕೆಳಗಿಟ್ಟು, "ವ್ರತದಾಗ ಮನಸ್ಸ ದೊಡ್ಡದು ವೈನಿ. ಮನಸ್ಸಿನಾಗ ಏನದ ಅದನ್ನ ಕೇಳ್ರಿ," ಎಂದೆ. ಅಂಥ ಮಾತು ಆಗ ನನಗೆ ಬಹಳ ಸುಲಭವಾಗಿ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ನಾನು ಕಂಡೆ. ಗುಳಿಗೆಯ ಹೊತ್ತಿಗೆ ವೈನಿ ಗೋಡೆಯ ಕಡೆ ತಿರುಗಿ, ಕಾಗದದ ಪೊಟ್ಟಣದಿಂದ ಚಿಟಿಕೆ ಅಂಗಾರ ನಾಲಿಗೆಯ ಮೇಲೆ ಹಾಕಿ, ತಲೆ ಹಿಂದಕ್ಕೆ ಮಾಡಿ ನೀರು ಕುಡಿದಳು. ಗುಳಿಗೆ ನುಂಗುವ ರೀತಿಯಲ್ಲೇ. ಅವ್ವ ನೋಡಿದ್ದರೂ ಗುಳಿಗೆ ಎಂದುಕೊಳ್ಳುತ್ತಿದ್ದಳು. ನಾನು ಪೋಥಿಯ ಮುಂದೆ ಕೂತಾಗಿತ್ತು, ಮಾತಾಡುವ ಹಾಗಿರಲಿಲ್ಲ. ಆಮೇಲೆ ಕೇಳೋಣ ಎಂದುಕೊಂಡೆ. ಓದು ಮುಗಿಯಿತು. ಮಧ್ಯಾಹ್ನ ಕಳೆಯಿತು. ಕೇಳಲಿಲ್ಲ. ರವಿವಾರವೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದಕ್ಕೆ ಬಹಳ ಕಾಲ ನನಗೆ ನಾನೇ ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೇನೆ. ಅವಳಿಗೆ ನೋವಾದೀತು, ಅವ್ವನ ಎದುರು ಬಯಲಾದೀತು, ಇನ್ನು ನಾಲ್ಕೇ ದಿನ. ನಿಜವಾದ ಕಾರಣ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನನಗೂ ಒಳಗೊಳಗೆ ನೋಡಬೇಕಿತ್ತು. ನಾನು ಕಟ್ಟಿದ ಮಾತು ನಿಜವಾದರೆ ಹೇಗಿರುತ್ತದೆ ಎಂದು ನೋಡಬೇಕಿತ್ತು.

ಸೋಮವಾರ, ಐದನೆಯ ದಿನ, ಐದು ಇಪ್ಪತ್ತು.

ನಾಲ್ಕನೆಯ ಓವಿಗೆ ಅವಳ ಮಣಿಕಟ್ಟು ಕುಣಿಯುತ್ತಿತ್ತು. ಆರನೆಯದಕ್ಕೆ ಮೊಣಕೈ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಏಳನೆಯ ಓವಿಗೆ ವೈನಿ ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಾಗಿತ್ತು, ನನಗೆ ಗೊತ್ತಾಗಿದೆ ಎಂಬುದೂ ಗೊತ್ತಾಗಿತ್ತು. ಆಮೇಲೆ ಅವಳ ತಲೆ ತನ್ನಷ್ಟಕ್ಕೆ ಎಡಕ್ಕೆ ಹೊರಳಿತು. ನಾನು ಧ್ವನಿ ಏರಿಸಿ ಬೇಗ ಬೇಗ ಓದತೊಡಗಿದೆ. ಒಂಬತ್ತನೆಯ ಓವಿಗೆ ಅವಳ ಗಂಟಲಿಂದ ಒಂದು ಕೂಗು ಬಂತು. ಮನುಷ್ಯರ ಕೂಗಿನಂತಿರಲಿಲ್ಲ. ಅವಳು ದೀಪದ ಪಕ್ಕಕ್ಕೆ ಬಿದ್ದಳು. ದೀಪ ಉರುಳಿ ಎಣ್ಣೆ ಚಾಪೆಗೆ ಹರಿಯಿತು. ಅವ್ವ ಚೀರಿದಳು. ನಾನು ಹತ್ತನೆಯ ಓವಿಯನ್ನೂ ಓದಿದೆ.

ಬಾಗಿಲು ದೂಡಿಕೊಂಡು ಮುದುಕಿ ಬಂದಳು. ಬಂದವಳೇ ತನ್ನ ಕಂಬಳಿ ಒಗೆದು ಚಾಪೆಯ ಬೆಂಕಿ ಮುಚ್ಚಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಏಳ ಮ್ಯಾಲ! ನಿನ್ನ ದ್ಯಾವ್ರೇನ ಓಡಿ ಹೊಂಟಾನ? ಇಕಿ ಹೊಂಟಾಳ ನೋಡ ಇಲ್ಲೆ!"

ಅವ್ವ ಬೀಗದ ಕೈ ಹುಡುಕಿ ತಂದಳು, ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂದು. ಮುದುಕಿ ಅದನ್ನು ಕಿತ್ತು ಬೀಸಾಡಿದಳು. "ಹಲ್ಲ ಬಿಡಸಬ್ಯಾಡ್ರಿ, ಕೈ ಹಿಡೀಬ್ಯಾಡ್ರಿ. ಮಗ್ಗಲಿಗೆ ಹೊರಳಸ್ರಿ. ಕುರಿ ಬಿದ್ರೂ ಹಿಂಗ ಮಾಡ್ತೀವಿ, ಜೊಲ್ಲ ಹೊರಗ ಹೋಗಬೇಕು." ಹೊರಳಿಸಿದೆವು. ಸ್ವಲ್ಪ ಹೊತ್ತಿಗೆ ಮೈ ಸಡಿಲಾಯಿತು. ಅವ್ವ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟಳು. ವೈನಿ ಕಣ್ಣು ತೆರೆಯಲಿಲ್ಲ. ಎಚ್ಚರವಾಗುವ ಮೊದಲೇ ಹೆಬ್ಬೆರಳು ಮತ್ತೆ ಅಲುಗತೊಡಗಿತು.

ಊರಿನ ಒಬ್ಬ ಡಾಕ್ಟರನ್ನು ಎಬ್ಬಿಸಿ ಕರೆತಂದರು. ಅವರು ಸೂಜಿ ಹಾಕಿ, ಇಲ್ಲಿ ಆಗುವುದಲ್ಲ, ತಡ ಮಾಡದೆ ಸೋಲಾಪುರಕ್ಕೆ ಒಯ್ಯಿರಿ ಎಂದರು. ದರ್ಶನಕ್ಕೆ ಬಂದಿದ್ದ ಮೈಂದರ್ಗಿಯ ವ್ಯಾಪಾರಿಯೊಬ್ಬರು ಜೀಪು ಕೊಟ್ಟರು. ವೈನಿಯ ತಲೆ ನನ್ನ ತೊಡೆಯ ಮೇಲಿತ್ತು. ವಳಸಂಗ ದಾಟಿದ ಮೇಲೆ ಮೂರನೆಯ ಸಲ ಬಂತು. ಅವಳ ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದವು. ಹೊರಗೆ ಬೆಳಗಾಗುತ್ತಿತ್ತು, ಜೋಳದ ಹೊಲಗಳ ಮೇಲೆ ಮಂಜು. ಅವ್ವ ಕೇಳಿಸುವ ಹಾಗೆ ಹೇಳುತ್ತಲೇ ಇದ್ದಳು, "ಅಧ್ಯಾಯ ಅರ್ಧಕ್ಕ ನಿಂತಿತು. ಅಧ್ಯಾಯ ಅರ್ಧಕ್ಕ ನಿಂತಿತು."

ಸೋಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರರು ಮರಾಠಿಯಲ್ಲಿ ಮೊದಲು ಕೇಳಿದ್ದೇ ಅದನ್ನು. "ಗೋಳ್ಯಾ ರೋಜ್ ಘೇತ ಹೋತೀ ಕಾ?" ಗುಳಿಗೆ ದಿನಾ ತಗೊಳ್ಳುತ್ತಿದ್ದಳೇ?

"ಹೋ, ರೋಜ್, ರೋಜ್," ಎಂದಳು ಅವ್ವ. ಅವಳ ಮಟ್ಟಿಗೆ ಅದು ನಿಜ. ನಾನು ಪಕ್ಕದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅವರು ಒಳಗೆ ಹೋದರು. ಬಾಗಿಲಿನ ಗಾಜಿನ ಆಚೆ ಯಾರೋ ಓಡಾಡುವ ನೆರಳು. ಹತ್ತು ನಿಮಿಷ ಕಳೆದಿರಬೇಕು. ನೀರು ಕುಡಿದು ಬರುತ್ತೇನೆಂದು ಅವ್ವನಿಗೆ ಹೇಳಿ, ಇನ್ನೊಂದು ಬಾಗಿಲಿನಿಂದ ಒಳಹೊಕ್ಕು ಡಾಕ್ಟರರ ಹಿಂದೆ ನಿಂತು ಹೇಳಿದೆ. ಗುರುವಾರ ರಾತ್ರಿಯಿಂದ ಒಂದೂ ತಗೊಂಡಿಲ್ಲ. ನಿದ್ದೆಯೂ ಕಡಿಮೆ, ಊಟವೂ ಒಂದೇ ಹೊತ್ತು.

ಅವರು ತಿರುಗಿ ನನ್ನನ್ನು ಒಂದು ಸಲ ನೋಡಿದರು, ಬಯ್ಯಲಿಲ್ಲ. ನರ್ಸಿಗೆ ಬೇರೆ ಏನೋ ತರಲು ಹೇಳಿದರು. ಬಹಳ ಹೊತ್ತಿನ ಮೇಲೆ ಹೊರಬಂದು ಅವರೇ ಹರಕು ಕನ್ನಡದಲ್ಲಿ ಹೇಳಿದರು. "ಇದನ್ನ ಮನ್ಯಾಗ ಹೇಳು. ನಾ ಹೇಳಿದ್ರ ಡಾಕ್ಟರ್ ಮಾತು ಅಂತಾರ. ನೀ ಹೇಳಿದ್ರ ಕೇಳ್ತಾರ."

ಮರುದಿನ ಮಧ್ಯಾಹ್ನ ವೈನಿ ಕಣ್ಣು ತೆರೆದಳು. ನಾಲಿಗೆ ಕಚ್ಚಿ ಬಾತಿತ್ತು. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, ತೊದಲುತ್ತ ಅಣ್ಣನನ್ನು ಕೇಳಿದಳು. "ಅಕ್ಕಲಕೋಟಕ್ಕ ಯಾವಾಗ ಹೋಗೂದ್ರಿ?"

ಬಸ್ಸು ಹತ್ತಿದ್ದು ಅವಳಿಗೆ ನೆನಪಿರಲಿಲ್ಲ. ಕೋಣೆ, ಮುದುಕಿ, ಓದು, ಅಂಗಾರ, ಯಾವುದೂ ಇರಲಿಲ್ಲ. ಆ ದಿನಗಳು ಮುಂದೆಯೂ ಅವಳಿಗೆ ಮರಳಿ ಬರಲಿಲ್ಲ. ಅವಳು ಗುಳಿಗೆ ಬಿಟ್ಟಿದ್ದಳು ಎಂಬುದು ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಅದು ಗೊತ್ತಿರುವವಳು ನಾನೊಬ್ಬಳೇ.

ಅಣ್ಣ ನನ್ನನ್ನು ಮೂಲೆಗೆ ಕರೆದು ಕೇಳಿದ. "ಗುಳಿಗಿ ತಪ್ಪಿತ್ತೇನ?"

"ಇಲ್ಲ," ಎಂದೆ.

ಸಾಮಾನು ತರಲು ನಾನೇ ಅಕ್ಕಲಕೋಟಕ್ಕೆ ಹೋದೆ. ಶೀಶೆಯಲ್ಲಿ ಹದಿಮೂರು ಗುಳಿಗೆ ಇದ್ದವು, ಸೋಮವಾರ ಬೆಳಗಿನದೂ ಸೇರಿ ಲೆಕ್ಕ ಹಾಕಿದರೆ ಇರಬೇಕಾದದ್ದು ಐದು. ಎಂಟನ್ನು ಕೈಯಲ್ಲಿ ಹಿಡಿದು ಬಚ್ಚಲಿಗೆ ಹೋಗಿ ನೀರು ಹೊಯ್ದು ಗಟಾರಕ್ಕೆ ಬಿಟ್ಟೆ. ಬಿಟ್ಟ ಮೇಲೆ ನೆನಪಾಯಿತು, ಇದು ನಾನೇ ಕಟ್ಟಿ ಹೇಳಿದ ಕಥೆ. ಪಕ್ಕದ ಕೋಣೆಗೆ ಬೀಗ ಬಿದ್ದಿತ್ತು. ಹನ್ನೂರಿನ ಮುದುಕಿ ಊರಿಗೆ ಹೋಗಿದ್ದಳು. ಅವಳ ಕಂಬಳಿ ನಮ್ಮ ಕೋಣೆಯಲ್ಲೇ ಉಳಿದಿತ್ತು, ನಡುವೆ ತಟ್ಟೆಯಷ್ಟು ಅಗಲ ಸುಟ್ಟು. ನಾನು ಅದನ್ನು ತಲುಪಿಸಲಿಲ್ಲ. ಹನ್ನೂರು ದೂರದ ಊರೇನಲ್ಲ.

ಆಮೇಲಿನ ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಕೆಲದಿನ ಯಾರಾದರೂ ಪಕ್ಕದಲ್ಲಿರಲಿ ಎಂದು ಡಾಕ್ಟರರು ಹೇಳಿದ್ದರು. ಆ ಕೆಲಸವನ್ನು ನಾನೇ ಕೇಳಿ ಪಡೆದೆ. ಅಣ್ಣ ಪಡಸಾಲೆಗೆ ಹೋದ. ವೈನಿ ಮಗ್ಗುಲು ಬದಲಿಸಿದರೆ ನಾನು ಏಳುತ್ತಿದ್ದೆ, ಬದಲಿಸದಿದ್ದರೆ ಇನ್ನೂ ಬೇಗ ಏಳುತ್ತಿದ್ದೆ. ಗೋಡೆಯಾಚೆ ಅವ್ವ ಕೆಮ್ಮುವುದು ಕೇಳುತ್ತಿತ್ತು. ಅವಳ ಲೆಕ್ಕದಲ್ಲಿ ಮೊದಲು ಓದು ನಿಂತಿತು, ಆಮೇಲೆ ಸೊಸೆ ಬಿದ್ದಳು. ಹಾಗಲ್ಲ, ಬಿದ್ದ ಮೇಲೆ ನಿಂತಿತು ಎಂದು ನಾನು ಹೇಳಿದೆ. "ನೀ ಪುಸ್ತಕ ನೋಡಾಕತ್ತಿದ್ದಿ, ನಿನಗೇನ ಗೊತ್ತು?" ಎಂದಳು. ಪೋಥಿಯನ್ನು ಬಟ್ಟೆಯಲ್ಲಿ ಸುತ್ತಿ ಮಾಡದಲ್ಲಿ ಇಟ್ಟುಬಿಟ್ಟಳು. ಪೂರ್ತಿ ಏಳು ದಿನ ಮತ್ತೆ ಕೂತ ಹೊರತು ಈ ಮನೆಯ ಕೇಡು ಹೋಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ವೈನಿಯ ಲೆಕ್ಕ ಇನ್ನೂ ಭಯಂಕರವಾಗಿತ್ತು. ಒಂದು ದಿನ ನನ್ನ ಕೈಯಿಂದ ಗುಳಿಗೆ ತಗೊಳ್ಳುತ್ತ ಹೇಳಿದಳು. "ದಿನಾ ತಪ್ಪದ ತಗೊಂಡ್ರೂ ಬಂತಲ್ಲ ತಂಗಿ. ಮತ್ತ ಇದನ್ಯಾಕ ನುಂಗಬೇಕು?"

"ಡಾಕ್ಟರ್ ಹೇಳ್ಯಾರಲ್ರಿ ವೈನಿ."

"ಅವರು ಆರು ವರ್ಷದಿಂದ ಹೇಳಾಕತ್ಯಾರ."

ನಾನು ಅವಳ ಬಾಯಿ ನೋಡುತ್ತ ನಿಲ್ಲತೊಡಗಿದೆ, ನುಂಗಿದಳೋ ಇಲ್ಲವೋ ಎಂದು. ಅವಳು ನೀರು ಕುಡಿದು ನಗುವಳು. ಹೋಳಿ ಹುಣ್ಣಿಮೆಯ ಮುಂದೆ ಕಿಟಕಿ ಒರೆಸುವಾಗ ಸಂದಿಯಲ್ಲಿ ಒಂದು ಬಿಳಿ ಗುಳಿಗೆ ಸಿಕ್ಕಿತು, ಒದ್ದೆಯಾಗಿ ಒಣಗಿದ್ದು. ಅಂದು ರಾತ್ರಿ ಅವಳ ಪಕ್ಕದಲ್ಲಿ ಮಲಗಿ ನಿಜ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಹೇಳಿದರೆ ನಾನು ಯಾರೆಂದು ಇವರಿಗೆಲ್ಲ ತಿಳಿಯುತ್ತದೆ. ಹೇಳದಿದ್ದರೆ ಇವಳು ಸಾಯುತ್ತಾಳೆ. ಇಷ್ಟು ಸ್ಪಷ್ಟವಾಗಿ ತೂಗಿ ನೋಡಿಯೂ ಸುಮ್ಮನಾದೆ.

ಚೈತ್ರದಲ್ಲಿ ಅವ್ವ ಮತ್ತೆ ಅಕ್ಕಲಕೋಟದ ದಿನ ಗೊತ್ತು ಮಾಡಿದಳು. ಬರುವ ಗುರುವಾರ, ಮೂವರೂ. ರೂಢಿ ತಪ್ಪಿದ್ದಕ್ಕೆ ಮನೆಯಲ್ಲಿ ಮಧ್ಯಾಹ್ನದ ಓದನ್ನೂ ಶುರು ಮಾಡಿಸಿದಳು. ವೈನಿ ಹೊಸ ಸೀರೆಯ ಅಂಚು ಹೊಲಿಯುತ್ತ ಕೂಡುತ್ತಿದ್ದಳು, ಅಕ್ಕಲಕೋಟಕ್ಕೆ ಉಡಲು. ಮೂರನೆಯ ದಿನ ಮೂರನೆಯ ಅಧ್ಯಾಯ. ಹೊಟ್ಟೆನೋವಿನ ವ್ಯಾಪಾರಿ ಬಂದ. ನಾನು ನಾಲ್ಕು ಓವಿ ಓದಿದೆ, ನಾಲ್ಕರ ಅರ್ಥ ಹೇಳಿದೆ, ಮುಂದೆ ಹೋದೆ.

"ನಿಂದ್ರ," ಎಂದಳು ಅವ್ವ. "ಪುಡಿ ಗಟಾರಕ್ಕ ಒಗದದ್ದ ಬಿಟ್ಟಿ."

"ಅದಿಲ್ಲ."

"ಇಲ್ಲಂದ್ರ? ಅಕ್ಕಲಕೋಟದಾಗ ಓದಿದೆಲ್ಲ. ಒಂದ ಕೈಯಾಗ ಅಂಗಾರ, ಒಂದ ಕೈಯಾಗ ಪುಡಿ. ನಾ ಓಣ್ಯಾಗ ನಾಕ ಮಂದಿಗೆ ಹೇಳೀನಿ ಆ ಮಾತು. ತಿಳಿದವರ ಮಾತು ಅಂತ ಹೇಳೀನಿ."

ವೈನಿ ಸೂಜಿ ನಿಲ್ಲಿಸಿದಳು. "ಹಂಗಂದ್ರ ಏನ್ರಿ ಅತ್ತಿ ಅದು?" ಎಂದು ಕೇಳಿದಳು. ಅವಳಿಗೆ ನೆನಪಿಲ್ಲವಲ್ಲ. ಅವ್ವ ತಿರುಗಿ, ಬಹಳ ಪ್ರೀತಿಯಿಂದ, ನಾನು ಕಟ್ಟಿದ ಕಥೆಯನ್ನು ಅಕ್ಷರ ಬಿಡದೆ ಸೊಸೆಗೆ ಹೇಳತೊಡಗಿದಳು. ವೈನಿಯ ಮುಖದಲ್ಲಿ ಅಂದು ದೀಪದ ಬೆಳಕಿನಲ್ಲಿ ಕಂಡದ್ದೇ ಮತ್ತೆ ಮೂಡತೊಡಗಿತು. ಆಗ ನನಗೆ ತಡೆಯಲಾಗಲಿಲ್ಲ.

"ಅದು ಪೋಥ್ಯಾಗ ಇಲ್ಲವಾ," ಎಂದೆ. "ಅದು ನಾ ಹಾಕಿದ್ದು."

ಆಮೇಲೆ ಎಲ್ಲವನ್ನೂ ಹೇಳಿದೆ. ವೈನಿ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಶನಿವಾರ ಕಂಡದ್ದು, ಹನ್ನೊಂದು ಓವಿ, ಡಾಕ್ಟರು, ಬಚ್ಚಲಿಗೆ ಬಿಟ್ಟ ಎಂಟು ಗುಳಿಗೆ.

ಮೊದಲು ಮಾತಾಡಿದವಳು ವೈನಿ. "ನಾ ಸತ್ತಿದ್ರ? ಆವಾಗರ ಹೇಳ್ತಿದ್ದೇನ?"

ಹೌದು ಎನ್ನಬಹುದಿತ್ತು. "ಇಲ್ಲ," ಎಂದೆ.

ಅವಳು ಎದ್ದು ಒಳಗೆ ಹೋದಳು. ತಿರುಗಿ ಬಂದು ಸೆರಗಿನ ಗಂಟು ಬಿಚ್ಚಿ ಮೂರು ಗುಳಿಗೆ ನನ್ನ ಮುಂದೆ ಇಟ್ಟಳು. "ಇವು ಈ ವಾರದವು. ನೀ ನೋಡಾಕತ್ತಾಗನ ಬಿಟ್ಟದ್ದು." ಸೆರಗು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇನ್ನ ಮ್ಯಾಲ ಶೀಶೆ ನನ್ನ ಕಡೆ ಇರ್ಲಿ. ನೀ ಕೊಡೂದು ಬ್ಯಾಡ, ಕಾಯೂದೂ ಬ್ಯಾಡ. ಬಿದ್ರ ನನ್ನ ತಪ್ಪಿಗೆ ಬೀಳ್ತೀನಿ."

ಅವ್ವ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಂದಿನ ಪೋಥಿಯನ್ನು ಎರಡೂ ಕೈಯಿಂದ ತಗೊಂಡು ಮಡಿಲಲ್ಲಿ ಇಟ್ಟುಕೊಂಡಳು. ಓದಲು ಬಾರದ ಪುಟಗಳ ಮೇಲೆ ಬೆರಳಾಡಿಸುತ್ತ ಕೇಳಿದಳು. "ಇನ್ನ ಎಲ್ಲೆಲ್ಲಿ ಹಿಂಗ ಹಾಕೀದಿ?"

ಎರಡು ವರ್ಷದ ಮಧ್ಯಾಹ್ನಗಳು. ಯಾವುದು ಅದರಲ್ಲಿದ್ದದ್ದು, ಯಾವುದು ನನ್ನದು ಎಂದು ನನಗೇ ಬಿಡಿಸಲಾಗುತ್ತಿರಲಿಲ್ಲ.

"ನಿಮ್ಮಪ್ಪ ಹೋದ ಮ್ಯಾಲ ನಾ ಈ ಮಾತುಗಳನ್ನ ಹಿಡಕೊಂಡು ಬದುಕೀನಿ," ಎಂದಳು ಅವ್ವ. "ಯಾವುದನ್ನ ಬಿಡಲಿ ಈಗ?"

ಆ ಸಂಜೆ ಅಣ್ಣನಿಗೆ ವೈನಿಯೇ ಹೇಳಿದಳು. ಅವನು ನನ್ನೊಡನೆ ಅಕ್ಷಯ ತದಿಗೆಯವರೆಗೆ ಮಾತಾಡಲಿಲ್ಲ. ಅಕ್ಕಲಕೋಟದ ಪಾರಾಯಣ ನಿಂತಿತು. ಅವ್ವ ಒಬ್ಬಳೇ ಹೋಗಿ, ಕಾಯಿ ಒಡೆಸಿ, ತಪ್ಪಾಯಿತೆಂದು ಹೇಳಿ ಬಂದಳು. ಯಾರ ತಪ್ಪು ಎಂದು ಹೇಳಿದಳೋ ನಾನು ಕೇಳಲಿಲ್ಲ.

ಕೆಲದಿನದ ಮೇಲೆ ಅವಳೇ ಮತ್ತೆ ಓದಲು ಕರೆದಳು. ಬೇರೆ ಓದುವವರು ಮನೆಯಲ್ಲಿ ಯಾರಿದ್ದರು? ಆದರೆ ಕಟ್ಟಳೆ ಬದಲಾಗಿತ್ತು. "ನಿನ್ನ ಮಾತು ಬ್ಯಾಡ. ಅದರಾಗಿನ ಮಾತ ಹೇಳ." ಒಂದೊಂದು ಓವಿಗೂ ನಿಲ್ಲಿಸಿ, "ಇದು ಐತೇನ? ಬೆರಳಿಟ್ಟು ತೋರ್ಸು," ಎನ್ನುವಳು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಒಂದು ಅಧ್ಯಾಯಕ್ಕೆ ನಾಲ್ಕು ದಿನ ಹಿಡಿಯತೊಡಗಿತು. ಓಣಿಯ ಹೆಂಗಸರು ಬೇಸತ್ತು ಬರುವುದನ್ನು ಬಿಟ್ಟರು. "ಮದಲಿನಗತೆ ರಂಗ ಇಲ್ಲಬಿಡವಾ," ಎಂದು ಒಬ್ಬಳು ಹೇಳಿಯೇ ಹೋದಳು. ಹಾಗೆ ಓದುವಾಗ ಗೊತ್ತಾಯಿತು, ಪೋಥಿಯಲ್ಲಿ ಎಷ್ಟೋ ಕಡೆ ಏನೂ ಹೇಳದೆ ಬಿಟ್ಟಿದ್ದಾರೆ. ರೋಗಿ ಮನೆಗೆ ಹೋಗಿ ಏನು ಮಾಡಿದ ಎಂದಿಲ್ಲ. ಅಲ್ಲಿ ಅವರು ಸುಮ್ಮನಾಗಿದ್ದಾರೆ. ಸುಮ್ಮನಾಗುವುದನ್ನು ನಾನು ಕಾಲೇಜಿನಲ್ಲಿ ಕಲಿತಿರಲಿಲ್ಲ. ಮಾತಾಡಬೇಕಾದಲ್ಲಿ ಮಾತ್ರ ಸುಮ್ಮನಾಗಿದ್ದೆ.

ನಿಜ ಹೇಳಿದ ರಾತ್ರಿಯೇ ನಿದ್ದೆ ಬಂತು ಎಂದು ಬರೆಯಬಹುದಿತ್ತು. ಬರಲಿಲ್ಲ. ನನ್ನ ಹಾಸಿಗೆ ಅವ್ವನ ಕೋಣೆಗೆ ಹೋಯಿತು. ಅಲ್ಲಿಂದ ವೈನಿಯ ಉಸಿರು ಕೇಳುತ್ತಿರಲಿಲ್ಲ, ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು. ಅವ್ವನೂ ನಿದ್ದೆ ಮಾಡುತ್ತಿರಲಿಲ್ಲ. ಇಬ್ಬರೂ ಕತ್ತಲೆಯಲ್ಲಿ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಎಚ್ಚರವಿರುತ್ತಿದ್ದೆವು.

ಜ್ಯೇಷ್ಠದಲ್ಲಿ ವೈನಿ ಹದಿನೈದು ದಿನಕ್ಕೆಂದು ತವರಿಗೆ ಹೋದಳು. ಒಬ್ಬಳೇ, ಶೀಶೆ ತಾನೇ ಇಟ್ಟುಕೊಂಡು. ಆ ಹದಿನೈದು ದಿನ ಬಾಗಿಲ ಸಪ್ಪಳವಾದರೆ ಅವ್ವ ತಂತಿ ಬಂತೆಂದು ಎದ್ದು ನಿಲ್ಲುತ್ತಿದ್ದಳು. ತಂತಿ ಬರಲಿಲ್ಲ. ವೈನಿ ಮೈಕೈ ತುಂಬಿಕೊಂಡು ಬಂದಳು. ಚೀಲದಿಂದ ಸಾಮಾನು ತೆಗೆದು ಇಡುವಾಗ ಶೀಶೆ ನನ್ನ ಕೈಗೆ ಬಂತು. ನಾನು ಅದನ್ನು ಬೆಳಕಿಗೆ ಹಿಡಿದೆ. ಎಷ್ಟು ಉಳಿದಿರಬೇಕೆಂದು ಮನಸ್ಸಿನಲ್ಲೇ ಎಣಿಕೆ ಶುರುವಾಗಿತ್ತು. ಅವಳು ನೋಡಿದಳು.

"ಎಣಸು," ಎಂದಳು. "ನಾ ಏನ ಅನ್ನೂದಿಲ್ಲ."

ಎಣಿಸಬೇಕೆಂದು ಕೈ ತುರಿಸುತ್ತಿತ್ತು. ಶೀಶೆಯನ್ನು ಅವಳ ಮುಂದೆ ಇಟ್ಟೆ. ಅವಳು ಅದನ್ನು ತಗೊಂಡು, "ಬಿಸಲಾಗ ಇಡಬಾರದಂತ," ಎಂದು ಒಳಗೆ ಹೋದಳು. ಮೂರು ತಿಂಗಳಲ್ಲಿ ಅವಳಾಗಿ ನನ್ನೊಡನೆ ಆಡಿದ ಮೊದಲ ಮಾತುಗಳು ಅವು.

ಮರುದಿನ ನನ್ನನ್ನು ಎಬ್ಬಿಸಿದ್ದು ಹಾಲಿನವನು. ಬಾಗಿಲ ಸರಪಳಿ ಹಿಡಿದು ಬಡಿಯುತ್ತಿದ್ದ. "ಏ ಕಾಕೂ! ಗಿರಣಿ ಭೋಂಗಾ ಆಗಿ ತಾಸಾತು! ಮನ್ಯಾಗ ಯಾರಾರ ಅದೀರೋ ಇಲ್ಲೋ?" ಊರಿಗೆಲ್ಲ ಕೇಳುವ ಗಿರಣಿಯ ಬೆಳಗಿನ ಸೈರನ್ ನನಗೆ ಕೇಳಿಸಿರಲಿಲ್ಲ. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಪಕ್ಕದಲ್ಲಿ ಅವ್ವ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಪಡಸಾಲೆಯಲ್ಲಿ ಅಣ್ಣನ ಹಾಸಿಗೆ ಇರಲಿಲ್ಲ. ಅವನು ರಾತ್ರಿ ತನ್ನ ಕೋಣೆಗೆ ಮರಳಿದ್ದ, ಅದೂ ನನಗೆ ಕೇಳಿಸಿರಲಿಲ್ಲ. ನಾನು ಏಳುವುದರೊಳಗೆ ಒಳಕೋಣೆಯ ಬಾಗಿಲು ತೆರೆದು, ಕೂದಲು ಕಟ್ಟಿಕೊಳ್ಳುತ್ತ, "ಬಂದೆಪಾ, ಬಾಗಲಾ ಮುರೀಬ್ಯಾಡ," ಎನ್ನುತ್ತ ವೈನಿ ಹಾಲಿನ ಪಾತ್ರೆ ಹಿಡಿದು ಹೋದಳು. ಅಂದು ಆಷಾಢದ ಮೊದಲ ಬುಧವಾರ.